ಎಳೆ ವೈನಿನ ಮೊದಲ ಗುಟುಕು

ಹಿರೇಕೊಪ್ಪದ ರಾಜರು ಬ್ರಿಟಿಷ್ ರೆಸಿಡೆಂಟ್ ದೊರೆಯ ಔತಣಕ್ಕೆಂದು ಪುದುಚೇರಿಯಿಂದ ಒಂದು ಪೀಪಾಯಿ ಫ್ರೆಂಚ್ ಕೆಂಪು ವೈನು ತರಿಸಿದರು. ಬಟ್ಲರ್ ಇನ್ನಾಸಪ್ಪ ಒಂದು ಹನಿ ನಾಲಿಗೆಗೆ ಹಚ್ಚಿ ನೋಡಿದ. ಎಳೆ ಮಾಲು, ವಿಪರೀತ ಒಗರು.

"ಬುದ್ಧಿ, ಇದು ನೆಲಮಾಳಿಗೆಯಲ್ಲಿ ಹತ್ತು ವರ್ಷ ಮಾಗಬೇಕು," ಎಂದು ರಾಜರಿಗೆ ಹೇಳಿದ.

"ದೊರೆಗೆ ಅಂತಲೇ ತರಿಸಿದ್ದು. ಇವತ್ತೇ ಬಡಿಸು. ಅವರು ಮುಖ ಕಿವುಚಿದರೆ ನಾಳೆಯಿಂದ ನಿನಗೆ ಅರಮನೆಯಲ್ಲಿ ಕೆಲಸವಿಲ್ಲ!"

ಔತಣದಲ್ಲಿ ದೊರೆ ಒಂದು ಗುಟುಕು ಕುಡಿದರು. ಮುಖ ಹುಣಸೆಕಾಯಿ ಕಚ್ಚಿದಂತಾಯಿತು. ರಾಜರು ಇನ್ನಾಸಪ್ಪನನ್ನು ಸುಡುವಂತೆ ನೋಡಿದರು.

"ಏನಿದು?" ದೊರೆ ಗುಡುಗಿದರು.

ಇನ್ನಾಸಪ್ಪ ಕೈಜೋಡಿಸಿ ಹೇಳಿದ: "ದೊರೆಗಳೇ, ಇದು ಇವತ್ತಿನ ಊಟಕ್ಕಲ್ಲ. ಮುಂದೆ ತಾವು ಗವರ್ನರಾಗಿ ಇಲ್ಲಿಗೆ ದಯಮಾಡಿಸಿದಾಗ ಬಡಿಸೋಕೆ. ಅಲ್ಲಿಯವರೆಗೆ ಮಾಗಲಿ ಅಂತ ಎಳೆಯದನ್ನೇ ಕೊಂಡಿದ್ದೇವೆ. ಮೊದಲ ಗುಟುಕು ತಾವು ರುಚಿ ನೋಡಿದ ಮೇಲೆಯೇ ನೆಲಮಾಳಿಗೆಗೆ ಇಳಿಸಬೇಕು ಅಂತ ರಾಜರ ಅಪ್ಪಣೆ."

ದೊರೆ ಮೀಸೆಯ ಮೇಲೆ ಕೈಯಾಡಿಸಿದರು. ಕುರ್ಚಿಯಲ್ಲಿ ನೆಟ್ಟಗಾದರು. ಲೋಟದಲ್ಲಿ ಉಳಿದದ್ದನ್ನೂ ಗಟಗಟ ಕುಡಿದು ಗಂಭೀರವಾಗಿ ಹೇಳಿದರು:

"ಒಂದು ಪೀಪಾಯಿ ಸಾಲದು. ಗವರ್ನರ ಜೊತೆ ಬಹಳ ಜನ ಬರುತ್ತಾರೆ."