ಹೆಸರು ಅಕ್ಕನದು, ಗಾಡಿ ತಮ್ಮನದು

ಮಳವಳ್ಳಿಯಲ್ಲಿ ಕೆಂಪಾಜಮ್ಮ ಎಂಬಾಕೆ ಸ್ಕೂಲ್ ವ್ಯಾನ್ ಓಡಿಸುತ್ತಿದ್ದಳು. ಹನ್ನೆರಡು ವರ್ಷದಲ್ಲಿ ಒಂದು ಮಗುವಿನ ಮೊಣಕೈ ಕೂಡ ತರಚಿರಲಿಲ್ಲ. ಆದರೆ ಅವಳ ಮಂಡಿ ಸವೆದು, ಕ್ಲಚ್ ಒತ್ತುವುದೇ ಕಷ್ಟವಾಯಿತು. ಗಾಡಿ ಮಾರಿ ಆ ದುಡ್ಡಿನಲ್ಲಿ ಮಂಡಿ ಆಪರೇಷನ್ ಮಾಡಿಸಿಕೊಳ್ಳೋಣ ಅಂದುಕೊಂಡಳು. ಕೊಳ್ಳಲು ಬಂದವನು ಒಡಹುಟ್ಟಿದ ತಮ್ಮ ಮರಿಸ್ವಾಮಿ.

ತಮ್ಮ ಒಂದೇ ಸಲಕ್ಕೆ ಪೂರ್ತಿ ದುಡ್ಡು ಕೊಟ್ಟ. ಅದರಲ್ಲಿ ಅವನ ತಪ್ಪು ಹುಡುಕಬಾರದು. ಆರ್‌ಸಿ ಬುಕ್ಕಿನಲ್ಲಿ ಹೆಸರು ಬದಲಾಯಿಸುವುದೊಂದೇ ಬಾಕಿ. ಆಗ ಧನುರ್ಮಾಸ. “ಶೂನ್ಯಮಾಸದಲ್ಲಿ ಹೊಸ ಪತ್ರಕ್ಕೆ ಯಾರಾದ್ರೂ ಸೈನ್ ಹಾಕ್ತಾರಾ ಅಕ್ಕ? ಸಂಕ್ರಾಂತಿ ಕಳೀಲಿ” ಅಂದ. ಅಕ್ಕ ಹೂಂ ಅಂದಳು. ಶೂನ್ಯಮಾಸದಲ್ಲಿ ಸಹಿ ಹಾಕಬಾರದಂತೆ, ಗಾಡಿ ಮಾತ್ರ ಒಯ್ಯಬಹುದಂತೆ. ಯಾವ ಪಂಚಾಂಗದಲ್ಲಿ ಹೀಗೆ ಬರೆದಿದೆಯೋ ನನಗಂತೂ ಗೊತ್ತಿಲ್ಲ.

ಸಂಕ್ರಾಂತಿ ಕಳೆಯಿತು, ತಮ್ಮನಿಗೆ ಪುರುಸೊತ್ತಿಲ್ಲ. ಯುಗಾದಿ ಕಳೆಯಿತು, ಆಗಲೂ ಇಲ್ಲ. ಪುರುಸೊತ್ತು ಸಿಗುವ ಹೊತ್ತಿಗೆ ಆಷಾಢ ಬಂತು. ಕೆಂಪಾಜಮ್ಮ ಬಾಯಿ ತೆರೆದರೆ ನೆಂಟರು ಅವಳನ್ನೇ ಆಡಿಕೊಂಡರು: “ಒಡಹುಟ್ಟಿದವನ ಮೇಲೇ ಅನುಮಾನವಾ?”

ಆ ಆಷಾಢದಲ್ಲೇ ಅವಳ ಮನೆಗೆ ಪೊಲೀಸರ ನೋಟಿಸ್ ಬಂತು. ಎಂಟು ಮಕ್ಕಳ ಗಾಡಿಯಲ್ಲಿ ಹದಿನೇಳು ಮಕ್ಕಳು. ವಿಮೆ ಮುಗಿದು ನಾಲ್ಕು ತಿಂಗಳು. ಮಾಲೀಕರ ಹೆಸರು ಕೆಂಪಾಜಮ್ಮ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರುವುದಕ್ಕೆ ಜಾಗವಿಲ್ಲ ಅನ್ನುತ್ತಾರಲ್ಲ, ಹಾಗಾಯಿತು ಅವಳ ಪಾಡು. ಆಪರೇಷನ್‌ಗೆ ಹೆದರಿ ಹೆದರಿ ಮುಂದೂಡುತ್ತಿದ್ದವಳು ಕೊನೆಗೂ ಮುಂದಿನ ವಾರಕ್ಕೆ ದಿನ ಗೊತ್ತು ಮಾಡಿಕೊಂಡಿದ್ದಳು. ಆದರೆ ನೋಟಿಸ್ ಓದಿದ ಮೇಲೆ ಅವಳ ಕಣ್ಣ ಮುಂದೆ ಇದ್ದದ್ದು ಹದಿನೇಳು ಮಕ್ಕಳು ಮಾತ್ರ.

ಮಾರನೆಯ ಬೆಳಿಗ್ಗೆ ಮಕ್ಕಳು ವ್ಯಾನ್ ಹತ್ತುವ ಬೀದಿಗೇ ಹೋದಳು. ಮರಿಸ್ವಾಮಿ ಕೆಳಗೆ ನಿಂತು ಮಕ್ಕಳನ್ನು ಹತ್ತಿಸುತ್ತಿದ್ದ. ಅವಳು ಡ್ರೈವರ್ ಸೀಟಿನಲ್ಲಿ ಕೂತು ಬ್ರೇಕ್ ಒತ್ತಿದಳು. ಅದು ಸಲೀಸಾಗಿ ತಳ ಮುಟ್ಟಿತು, ಹಿಡಿತವೇ ಇರಲಿಲ್ಲ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

“ಮಕ್ಳನ್ನ ಇಳ್ಸು” ಅಂದಳು.

“ನಾಕು ಜನದ ಮುಂದೆ ನನ್ ಮರ್ವಾದೆ ತೆಗೀಬ್ಯಾಡ ಕನಕ್ಕ.”

“ಮರ್ವಾದೆ ನಿಂದು. ಮಕ್ಳು ಕಂಡೋರ್ದು. ಬ್ರೇಕ್ ಮಾಡ್ಸಿ, ವಿಮೆ ಕಟ್ಟಿ, ಇವತ್ತೇ ಗಾಡೀನ ನಿನ್ ಹೆಸ್ರಿಗೆ ಮಾಡಿಸ್ಕೊ. ಇಲ್ಲಾಂದ್ರೆ ನಿನ್ ದುಡ್ಡು ನಿಂಗೆ, ನನ್ ಗಾಡಿ ನಂಗೆ. ಯಾವ್ದು ಹೇಳು.”

ಮರಿಸ್ವಾಮಿ ಹೆಚ್ಚು ಯೋಚಿಸಲಿಲ್ಲ. ಹೆಸರಿನ ಹಿಂದೆಯೇ ಜವಾಬ್ದಾರಿಯೂ ಬರುತ್ತದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. “ಹೆಸ್ರು ಗಿಸ್ರು ಆಮೇಲೆ ನೋಡಾನ” ಅಂದ.

“ಹಂಗಾದ್ರೆ ಕೀ ಕೊಡು.”

ಅವಳು ಸೀಟು ಬಿಟ್ಟು ಏಳಲಿಲ್ಲ. ಬೀದಿಯವರು ಬಂದು ಬುದ್ಧಿ ಹೇಳಿದರೂ ಏಳಲಿಲ್ಲ. ಕೊನೆಗೆ ತಮ್ಮ ಕೀಯನ್ನು ಅವಳ ಮಡಿಲಿಗೆ ಎಸೆದು ಹೋದ. ಕೆಂಪಾಜಮ್ಮ ಗಾಡಿಗೆ ಬೀಗ ಹಾಕಿ, ಹದಿನೇಳು ಮಕ್ಕಳನ್ನೂ ಕರೆದುಕೊಂಡು ಕುಂಟುತ್ತಾ ಶಾಲೆಯವರೆಗೆ ನಡೆದಳು. ಅದೇ ದಿನ ಬ್ಯಾಂಕಿನಿಂದ ದುಡ್ಡು ತೆಗೆದು, ತಮ್ಮ ಕೊಟ್ಟಷ್ಟನ್ನೂ ಅವನ ಮನೆಗೆ ಮುಟ್ಟಿಸಿದಳು. ಆಪರೇಷನ್ ತಪ್ಪಿಹೋಯಿತು.

ಆ ವರ್ಷ ಗೌರಿ ಹಬ್ಬಕ್ಕೆ ತವರಿನಿಂದ ಅರಿಶಿನ ಕುಂಕುಮ ಬರಲಿಲ್ಲ. ಅವಳು ಬಿಕ್ಕಿ ಬಿಕ್ಕಿ ಅತ್ತಳು.

“ಒಂದು ಗಾಡಿಗೋಸ್ಕರ ತಮ್ಮನ್ನ ಕಳ್ಕೊಂಡ್ಯಲ್ಲವ್ವ” ಅಂದಳು ಪಕ್ಕದ ಮನೆಯ ಮುದುಕಿ.

ಕೆಂಪಾಜಮ್ಮ ಕಣ್ಣೊರೆಸಿಕೊಂಡಳು. “ಕಳ್ಕೊಂಡಿಲ್ಲ ಕನಜ್ಜಿ, ಮುನಿಸ್ಕೊಂಡವ್ನೆ. ಮುನಿಸು ಇವತ್ತಲ್ಲ ನಾಳೆ ಇಳೀತದೆ. ಆ ಮಕ್ಳಲ್ಲಿ ಒಂದು ಹೋಗಿದ್ರೆ, ಅದನ್ನ ಯಾರು ತಂದ್ಕೊಡೋರು?”



ನೀತಿ: ನೆಂಟಸ್ತನ ಮನಸ್ಸಿನಲ್ಲಿರಲಿ, ವ್ಯವಹಾರ ಕಾಗದದಲ್ಲಿರಲಿ. ದಾಕ್ಷಿಣ್ಯಕ್ಕೆ ಒಮ್ಮೆ ತಪ್ಪಿದರೂ, ಆ ತಪ್ಪನ್ನು ತಿದ್ದುವಾಗ ನೆಂಟರ ಮುನಿಸಿಗೆ ಹೆದರಬೇಡಿ.