ಮಡಿಸಿಟ್ಟ ಟವೆಲು

ನದಿ ದಂಡೆಯ ಆಶ್ರಮದಲ್ಲಿ ಮಾಚಯ್ಯ ಗುರುಗಳು ಜೀವ ಕುಗ್ಗಿದ ಕೈಕಾಲುಗಳಿಗೆ ಅಯಸ್ಕಾಂತದ ಯಂತ್ರದಿಂದ ಚಿಕಿತ್ಸೆ ಕೊಡುತ್ತಿದ್ದರು. ತಾಮ್ರದ ಸುರುಳಿಯನ್ನು ಮೈಮೇಲೆ ಹಿಡಿದು ಗುಂಡಿ ಒತ್ತಿದರೆ ಸಾಕು, ಒಳಗಿನ ನರ ಎಚ್ಚೆತ್ತು ಮಿಡಿಯುತ್ತಿತ್ತು. ಸೂಜಿಯಿಲ್ಲ, ಗಾಯವಿಲ್ಲ.

ಯಂತ್ರ ನಡೆಯುತ್ತಿದ್ದದ್ದು ಸೋಲಾರ್ ಬ್ಯಾಟರಿಯ ಮೇಲೆ. ಶಿಷ್ಯ ಹಾಲೇಶನ ಕೈಗೆ ಅದು ಬಂದಾಗಿನಿಂದ ಬ್ಯಾಟರಿ ಮಧ್ಯಾಹ್ನಕ್ಕೇ ಬರಿದಾಗುತ್ತಿತ್ತು.

ಆ ದಿನ ಆಚೆ ದಡದಿಂದ ಕೊಟ್ರಮ್ಮ ಬಂದಳು, ಕಂಕುಳಲ್ಲಿ ಕೂಸು. ಅವಳ ತೋಳಿನ ಮೂಳೆ ಮುರಿದು ಕೂಡಿತ್ತು, ಆದರೆ ಅಂಗೈ ಜೋತುಬಿದ್ದಿತ್ತು. ಮಗುವಿನ ತಲೆಗೆ ಆ ಕೈ ಕೊಟ್ಟು ಎತ್ತಿಕೊಳ್ಳಲು ಆಗುತ್ತಿರಲಿಲ್ಲ.

"ಹೋದ ಸಲವೂ ಟಕ್ ಟಕ್ ಅನ್ನಿಸಿ ಕಳಿಸಿದೆ. ಇವತ್ತೂ ಕೈ ಅಲ್ಲಾಡದಿದ್ದರೆ ನಾನು ಮತ್ತೆ ಈ ದೋಣಿ ಹತ್ತೋದಿಲ್ಲ," ಎಂದು ಹಾಲೇಶನಿಗೆ ಹೇಳಿ, ಕೂಸನ್ನು ಜಗಲಿಯ ತೊಟ್ಟಿಲಲ್ಲಿ ಮಲಗಿಸಿ ಒಳಗೆ ಬಂದಳು.

ಹಾಲೇಶ ಅವಳ ತೋಳಿನ ಮೇಲೆ ಮಡಿಸಿದ ಟವೆಲಿಟ್ಟು, ಅದರ ಮೇಲೆ ಸುರುಳಿ ಹಿಡಿದ. ಕೈ ಏಳಲಿಲ್ಲ. ಶಕ್ತಿ ಏರಿಸಿದ. ಸುರುಳಿ ಬಿಸಿಯಾಯಿತು. ಟವೆಲಿಗೆ ಇನ್ನೊಂದು ಮಡಿಕೆ ಹಾಕಿ ಮತ್ತೆ ಏರಿಸಿದ.

"ಏನಪ್ಪಾ, ನನ್ನ ತೋಳಿಗೆ ಹಾಸಿಗೆ ಹಾಸ್ತಿದ್ದೀಯಾ?"

"ಸುರುಳಿ ಕಾಯ್ತದಕ್ಕಾ. ಚರ್ಮ ಸುಡಬಾರದಲ್ಲ."

ಬ್ಯಾಟರಿಯ ಕೆಂಪು ದೀಪ ಮಿಟುಕತೊಡಗಿತು. ಹಾಲೇಶ ಟವೆಲನ್ನು ಹೆಗಲಿಗೆ ಹಾಕಿಕೊಂಡು ಎದ್ದು ಜಗಲಿಗೆ ಬಂದ. ಗುರುಗಳು ಅವರೆಕಾಯಿ ಸುಲಿಯುತ್ತಿದ್ದರು.

"ಗುರುಗಳೇ, ಶಕ್ತಿ ಸಾಲದು. ದೊಡ್ಡ ಬ್ಯಾಟರಿ ತರಿಸಿ."

ಗುರುಗಳು ಜಗಲಿಯ ಆ ತುದಿಯ ತೊಟ್ಟಿಲು ತೋರಿಸಿದರು. "ಆ ಕೂಸನ್ನು ಎಬ್ಬಿಸು. ಇಲ್ಲಿಂದಲೇ."

ಹಾಲೇಶ ಚಪ್ಪಾಳೆ ತಟ್ಟಿದ. ಕೂಗಿದ. ಗಂಟಲು ಹರಿಯುವ ಹಾಗೆ ಅರಚಿದ. ಮರದ ಗಿಳಿಗಳೆಲ್ಲ ಹಾರಿಹೋದವು. ಆಚೆ ದಡದ ದೋಣಿಯವನು ಗಾಬರಿಯಾಗಿ ಎದ್ದು ನಿಂತ. ಕೂಸು ಮಾತ್ರ ಮಲಗಿಯೇ ಇತ್ತು.

ಒಳಗಿಂದ ಕೊಟ್ರಮ್ಮ ಧಾವಿಸಿ ಬಂದಳು.

"ಮಲಗಿದ ಕೂಸನ್ನು ಎಬ್ಬಿಸೋದು ಯಾವ ಸೀಮೆ ವಿದ್ಯೆ? ಮಲಗಿಸಿ ನೋಡಿ ಒಂದು ಸಲ, ಗೊತ್ತಾಗ್ತದೆ!"

"ಎಬ್ಬಿಸಲೇಬೇಕಾದರೆ ನೀನು ಹೇಗೆ ಎಬ್ಬಿಸ್ತೀಯಮ್ಮ?" ಎಂದರು ಗುರುಗಳು.

ಗೊಣಗುತ್ತಲೇ ಅವಳು ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಗೆ ಮೆಲ್ಲಗೆ ಊದಿದಳು. ಕೂಸು ಕಣ್ಣು ಬಿಟ್ಟಿತು.

ಹಾಲೇಶ ಹೆಗಲ ಮೇಲಿದ್ದ ಟವೆಲನ್ನು ನೋಡಿದ. ಸುರುಳಿ ಕಾಯುತ್ತದೆಂದು ಟವೆಲು. ಟವೆಲಿನಿಂದ ನರ ದೂರ. ದೂರವೆಂದು ಹೆಚ್ಚು ಶಕ್ತಿ. ಶಕ್ತಿ ಹೆಚ್ಚಿದಷ್ಟೂ ಸುರುಳಿ ಕಾಯುವುದು.

"ಟವೆಲಿಲ್ಲದೆ ಸುಟ್ಟರೆ?" ಎಂದ.

"ಮೊದಲು ನಿನ್ನ ತೋಳಿದೆಯಲ್ಲ."

ಹಾಲೇಶ ಒಳಗೆ ಹೋಗಿ, ಸುರುಳಿ ಆರುವವರೆಗೂ ಕಾದು, ಶಕ್ತಿಯನ್ನು ತೀರಾ ಇಳಿಸಿ, ತನ್ನ ತೋಳಿನ ಹೊರಬದಿಗೆ ತಾಗಿಸಿ ಒತ್ತಿದ. ಟಕ್. ಅವನ ಅಂಗೈ ತಾನಾಗಿ ಮೇಲೆದ್ದಿತು. ಬಿಸಿ ಮುಟ್ಟಲೇ ಇಲ್ಲ.

ಅದೇ ಜಾಗದಲ್ಲಿ ಕೊಟ್ರಮ್ಮನ ತೋಳಿಗೆ ತಾಗಿಸಿದ. ಏನೂ ಆಗಲಿಲ್ಲ. ಕೈ ಅಭ್ಯಾಸದಂತೆ ಶಕ್ತಿ ಏರಿಸಲು ಹೋಯಿತು. ಹಿಂದೆ ಬಾಗಿಲಲ್ಲಿ ಗುರುಗಳು ಕೆಮ್ಮಿದರು.

ಹಾಲೇಶ ಕೈ ಹಿಂದೆಗೆದುಕೊಂಡ. ಸುರುಳಿಯನ್ನು ನರ ಓಡುವ ದಿಕ್ಕಿಗೆ ಒಂಚೂರು ತಿರುಗಿಸಿ ಒತ್ತಿದ.

ಕೋಳಿ ಕತ್ತೆತ್ತಿದಂತೆ ಅವಳ ಅಂಗೈ ಎದ್ದು ನಿಂತಿತು.

ಕೊಟ್ರಮ್ಮ ಅದರತ್ತ ಬಗ್ಗಿ ನೋಡಿದಳು. "ಇನ್ನೊಂದು ಸಲ ಮಾಡು. ಮತ್ತೆ ಮಾಡು."

ಮತ್ತೆ ಮತ್ತೆ ಎದ್ದಿತು. ಕೆಂಪು ದೀಪ ಮಿಟುಕುತ್ತಲೇ ಇತ್ತು, ಆರಲಿಲ್ಲ.

"ನಾನೇ ಎತ್ತೋದು ಯಾವಾಗ?" ಎಂದು ಅವಳು ಕೇಳಿದಳು.

"ನರಕ್ಕೆ ತನ್ನ ದಾರಿ ನೆನಪಾದಾಗ. ಬರ್ತಾ ಇರಬೇಕು," ಎಂದ ಹಾಲೇಶ.

"ಬರದೆ ಬಿಡ್ತೀನಾ? ನಾಳೆಯೂ ಬರ್ತೀನಿ."

ಹಾಲೇಶ ಗುರುಗಳ ಕಡೆ ತಿರುಗಿ, "ಹಾಗಾದರೆ ಆ ದೊಡ್ಡ ಬ್ಯಾಟರಿ..." ಎಂದ.

ಗುರುಗಳು ಕೂಸನ್ನು ಎತ್ತಿಕೊಂಡು ಬರುತ್ತಿದ್ದರು. ಕೂಸು ಒದ್ದೆ ಮಾಡಿದ ಅವರ ಪಂಚೆ ತೊಟ್ಟಿಕ್ಕುತ್ತಿತ್ತು.

"ಆ ಟವೆಲು ಈಗ ಕೊಡು," ಎಂದರು.