ಖಜಾನೆ ಬಾಗಿಲು ತೆಗೆದ ಗುಜರಿ ತಟ್ಟೆ

"ಕೇಳ್ರಪ್ಪೋ ಕೇಳ್ರಿ! ಅರಮನೆಯ ಕಂಪ್ಯೂಟರಿಗೆ ವೈರಸ್ ಹೊಕ್ಕಿದೆ. ಖಜಾನೆಯ ಬಾಗಿಲೂ ಸೆರೆಮನೆಯ ಬಾಗಿಲೂ ಜಡಿದುಕೊಂಡಿವೆ. ದೊರೆಯ ಮೂರು ಒಗಟು ಬಿಡಿಸಿ, ಬಾಗಿಲು ತೆಗೆದು ತೋರಿಸಿದವನಿಗೆ ಅರ್ಧ ರಾಜ್ಯ. ತಪ್ಪಿದವನಿಗೆ ತಲೆದಂಡ!"

ಕರಿಗಲ್ಲುಕೋಟೆಯ ದೊರೆ ವೀರಮಲ್ಲರಸನ ಡಂಗುರ ಹೀಗಿತ್ತು. ಅವನಿಗೆ ಚಿಂತೆಯೆಲ್ಲ ಖಜಾನೆಯದು. ಸೆರೆಯಲ್ಲಿದ್ದವರು ನೀರಿಲ್ಲದೆ ಸಾಯುತ್ತಿದ್ದಾರೆಂದರೆ, "ಅನ್ನದ ಖರ್ಚು ಉಳಿಯಿತು" ಎಂದು ನಕ್ಕ ಪುಣ್ಯಾತ್ಮ. ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಹೊನ್ನವ್ವನೂ ಆ ಸೆರೆಯಲ್ಲೇ ಇದ್ದಳು. ಬಂದವರ ಪೆನ್‌ಡ್ರೈವನ್ನೆಲ್ಲ ಹೆಬ್ಬಾಗಿಲಲ್ಲೇ ಅರಮನೆಯ ಕಂಪ್ಯೂಟರಿಗೆ ಚುಚ್ಚಿ ತಪಾಸಣೆ ಮಾಡುವುದು ಅಲ್ಲಿನ ಪದ್ಧತಿ. ಅದು ಬೇಡ ಎಂದದ್ದೇ ಅವಳ ಅಪರಾಧ. ಬಾಗಿಲ ಸಂದಿಯಿಂದ ಅವಳು ಕೂಗಿ ಹೇಳಿದ ಮೂರು ಎಚ್ಚರಿಕೆಗಳನ್ನೇ ದೊರೆ ಒಗಟು ಮಾಡಿಕೊಂಡಿದ್ದ.

ಮೊದಲು ದಂಡನಾಯಕನ ಮಗ ಬಂದ. "ಮನೆಯೊಳಗೆ ಕಳ್ಳನಿದ್ದಾನೆ, ಕಾವಲುಗಾರ ಅವನ ಬಂಟನಾಗಿದ್ದಾನೆ. ಕಳ್ಳನನ್ನು ಹಿಡಿಯಲು ಯಾರನ್ನು ಎಬ್ಬಿಸುತ್ತೀ?" ಎಂದ ದೊರೆ.

"ಕಾವಲುಗಾರನನ್ನೇ!" ಎಂದು ಅವನು ಕಂಪ್ಯೂಟರನ್ನು ಎಂದಿನಂತೆ ಚಾಲೂ ಮಾಡಿದ. ವೈರಸ್ಸೂ ಜೊತೆಗೇ ಎದ್ದು ಕೂತಿತು. ಅವನ ತಲೆ ಅಂದೇ ಉರುಳಿತು.

ಸೆಟ್ಟಿಯ ಮಗ ಮೊದಲನೆಯದನ್ನು ಹೇಗೋ ದಾಟಿದ. ದೊರೆ ಎರಡನೆಯದನ್ನು ಕೇಳಿದ: "ಒಬ್ಬ ಕೂರುವಷ್ಟೇ ಜಾಗದ ಗುಡಿಸಲಿಗೆ ನೆಂಟ ಬರಬೇಕು. ಮನೆಯ ಪಾತ್ರೆ ಪಡಗ ಮುಟ್ಟಬಾರದು. ಎಂಥವನನ್ನು ಕರೆಯುತ್ತೀ?"

"ಎಲ್ಲರಿಗಿಂತ ಶ್ರೀಮಂತನನ್ನು" ಎಂದು ಅವನು ಭರ್ಜರಿ ಆಪರೇಟಿಂಗ್ ಸಿಸ್ಟಮ್ ತುಂಬಿದ ಪೆನ್‌ಡ್ರೈವ್ ಚುಚ್ಚಿದ. ಹಳೆಯ ಕಂಪ್ಯೂಟರ್ ಏದುಸಿರು ಬಿಟ್ಟು ನಿಂತೇ ಹೋಯಿತು. ಅವನ ಕತೆಯೂ ಮುಗಿಯಿತು.

ಮಂತ್ರಿ ನಾಗರಸಯ್ಯನ ಮಗ ಎರಡನ್ನೂ ಬಿಡಿಸಿದ. ದೊರೆ ಮೂರನೆಯದನ್ನು ಕೇಳಿದ: "ಬಂದ ವೈದ್ಯರಿಗೆಲ್ಲ ಹೊಸ್ತಿಲಲ್ಲೇ ರೋಗ ಅಂಟುತ್ತದೆ. ಯಾರಿಗೆ ಅಂಟದು?"

"ಹೆಚ್ಚು ಮದ್ದು ತಂದವನಿಗೆ" ಎಂದ. ಆದರೆ ಅವನ ಪೆನ್‌ಡ್ರೈವ್ ಹೆಬ್ಬಾಗಿಲ ತಪಾಸಣೆಯಲ್ಲೇ ವೈರಸ್ ಅಂಟಿ ಕೆಟ್ಟಿತ್ತು, ಬಾಗಿಲು ತೆರೆಯಲಿಲ್ಲ. ಮಗನ ತಲೆ ಹಾರುವಾಗ ಅಪ್ಪ ಚಪ್ಪಾಳೆ ತಟ್ಟಬೇಕೆಂದು ದೊರೆ ಅಪ್ಪಣೆ ಮಾಡಿದ. ಮಂತ್ರಿ ತಟ್ಟಿದ.

ಆಮೇಲೆ ಬಂದವನು ಗುಜರಿ ಗಾಡಿ ತಳ್ಳುವ ದ್ಯಾಮ, ಹೊನ್ನವ್ವನ ಮಗ. ಕೈಯಲ್ಲೊಂದು ಹಳೆ ಸಿ.ಡಿ. ಸಭೆ ಗೊಳ್ಳೆಂದಿತು.

"ಯಾರನ್ನೂ ಎಬ್ಬಿಸಬಾರದ್ರಿ. ಮನಿ ಮಲಗಿರಲಿ, ಹೊರಗಿನವ ಒಳಗ ಹೋಗಲಿ. ನಾನು ಈ ತಟ್ಟಿಯಿಂದನ ಚಾಲೂ ಮಾಡ್ತೀನ್ರಿ" ಎಂದ ದ್ಯಾಮ. "ಎರಡನೇದಕ್ಕ, ಬುತ್ತಿ ಕಟ್ಟಿಕೊಂಡು ಬರೋ ಬಡನೆಂಟ. ಇದರಾಗಿರೋ ಸಿಸ್ಟಮ್ ಭಾಳ ಸಣ್ಣದ್ರಿ, ಮೆಮೊರಿಯೊಳಗ ಕುಂತು ಕೆಲಸ ಮಾಡತೈತಿ, ಕಳ್ಳ ಇರೋ ಡಿಸ್ಕ್ ಮುಟ್ಟೂದುಲ್ಲ. ಮೂರನೇದಕ್ಕ, ಯಾರು ಏನು ಕೊಟ್ರೂ ತಗೊಳ್ಳಾಕ ಬಾರದವ. ಇದು ಒಮ್ಮೆ ಬರೆದ್ರ ಮುಗೀತ್ರಿ. ನಿಮ್ಮ ಹೆಬ್ಬಾಗಿಲ ರೋಗ ಇದರ ಮ್ಯಾಲೆ ಬರಿಯಾಕ ಆಗೂದುಲ್ಲ."

ಸಿ.ಡಿ. ಗಿರಗಿರ ತಿರುಗಿತು. ದ್ಯಾಮ ಮೊದಲು ತೆರೆದದ್ದು ಸೆರೆಮನೆ. ಹೊನ್ನವ್ವ ತೆವಳುತ್ತ ಹೊರಬಂದಳು. ಅವಳ ಹಿಂದೆ ಹೆಣಗಳನ್ನು ಹೊತ್ತು ತಂದರು. "ಮೊದಲು ಖಜಾನೆ ತೆಗೆಯಬೇಕಿತ್ತು, ನಾಯಿ!" ಎಂದು ದೊರೆ ದ್ಯಾಮನಿಗೆ ಒದ್ದ. ಖಜಾನೆ ತೆರೆದದ್ದೇ ತಡ, ಒಳಗೆ ನುಗ್ಗಿ ಹೊನ್ನಿನ ರಾಶಿಗೆ ಕೈಯಿಟ್ಟ.

"ಅರ್ಧ ರಾಜ್ಯ ಅಂದಿದ್ರಿ, ದೊರೆ."

"ನಿನ್ನವ್ವ ಬದುಕಿದಳಲ್ಲ, ಅದೇ ಇನಾಮು. ಆ ಗುಜರಿ ತಟ್ಟೆ ಎತ್ತಿಕೊಂಡು ತೊಲಗು!"

"ತೆಗೀಲೇನ್ರಿ? ನೆಂಟ ಎದ್ದು ಹೋದ್ರ ಮನಿ ಮೊದಲಿನಂಗ ಆಕ್ಕೈತ್ರಿ. ಕಳ್ಳ ಇನ್ನೂ ಒಳಗ ಅದಾನ. ತೊಳಿಯಾಕ ಒಂದಿನ ಬೇಕು."

"ತೆಗೆ ಅಂದರೆ ತೆಗೆ!" ಎಂದು ದೊರೆ ಖಜಾನೆಯೊಳಗಿಂದಲೇ ಅಬ್ಬರಿಸಿದ.

ದ್ಯಾಮ ಸಿ.ಡಿ. ತೆಗೆದ. ಕಂಪ್ಯೂಟರ್ ಆರಿ, ತನ್ನ ಹಳೆಯ ಡಿಸ್ಕಿನಿಂದ ತಾನಾಗಿ ಮತ್ತೆ ಚಾಲೂ ಆಯಿತು; ಜೊತೆಗೆ ವೈರಸ್ಸೂ ಎದ್ದಿತು. ಖಜಾನೆಯ ಉಕ್ಕಿನ ಬಾಗಿಲು ಧಡ್ ಎಂದು ಜಡಿದುಕೊಂಡಿತು. ಒಳಗಿಂದ ದೊರೆ ಬಡಿಯತೊಡಗಿದ.

ದ್ಯಾಮ ಮಂತ್ರಿಯ ಮುಖ ನೋಡಿದ. "ಮತ್ತ ಹಾಕ್ಲೇನ್ರಿ?"

"ದೊರೆಯ ಅಪ್ಪಣೆ ಮೀರುವುದುಂಟೇನಪ್ಪಾ? ತೆಗೆ ಎಂದರು, ತೆಗೆದೆ" ಎಂದ ನಾಗರಸಯ್ಯ.

"ಅಯ್ಯ, ನೀರಾದ್ರೂ ಕೊಡ್ರೋ ಆ ಜೀವಕ್ಕ" ಎಂದವಳು ಹೊನ್ನವ್ವ ಒಬ್ಬಳೇ. ಸಭೆಗೆ ಅದು ಕೇಳಿಸಲೇ ಇಲ್ಲ.

ಬಡಿತ ಪೂರಾ ನಿಂತ ಮೇಲೆ ಮಂತ್ರಿ ದ್ಯಾಮನನ್ನು ಕರೆಸಿ, ಡಂಗುರ ಸಾರಿದ್ದಂತೆ ಅರ್ಧ ರಾಜ್ಯ ಕೊಟ್ಟ.